ವಿಮಾನನಾಯಕನ ಅಧಿಕಾರ ಮತ್ತು ಹೊಣೆ

ವಿಮಾನವೊಂದು ಹಾರಾಟದಲ್ಲಿರುವಾಗ ಅದರ ವಿಷಯದಲ್ಲಿ ಕಡೆಯ ಮಾತು ಯಾರದು? ಒಡೆತನವುಳ್ಳ ಸಂಸ್ಥೆಯದೋ, ನೆಲದಿಂದ ದಾರಿ ತೋರಿಸುವ ಸಂಚಾರ ನಿಯಂತ್ರಕನದೋ, ಪೈಲಟ್‌ನದೋ? ಈ ಪ್ರಶ್ನೆಯನ್ನು ನಾವಿಲ್ಲಿ ಸಂಗ್ರಹವಾಗಿ ವಿವೇಚಿಸೋಣ.

1944ರ ಷಿಕಾಗೋ ಒಡಂಬಡಿಕೆಯ ಎರಡನೆಯ ಅನುಬಂಧವು ಇದಕ್ಕೆ ಸ್ಪಷ್ಟವಾದ ಉತ್ತರವನ್ನಿತ್ತಿದೆ. ಅದರಂತೆ ಅಂತಿಮ ಅಧಿಕಾರವು ವಿಮಾನದ ನಾಯಕತ್ವವನ್ನು ವಹಿಸಿದ ಪೈಲಟ್‌ನದು. ಆತನು ತಾನೇ ವಿಮಾನವನ್ನು ನಡೆಸುತ್ತಿರಲಿ, ಸಹಪೈಲಟ್‌ಗೆ ಒಪ್ಪಿಸಿರಲಿ, ನಿಯಮಪಾಲನೆಯ ಹೊಣೆ ಆತನದೇ. ಸುರಕ್ಷತೆಗೆ ತೀರ ಅನಿವಾರ್ಯವಾದಾಗ ಆ ನಿಯಮಗಳಿಂದ ಸರಿಯುವ ಸ್ವಾತಂತ್ರ್ಯವೂ ಆತನಿಗುಂಟು. ವಿಮಾನದ ಸುರಕ್ಷತೆಗೆ ಧಕ್ಕೆ ತರುವ ಪ್ರಯಾಣಿಕನನ್ನು ಕಟ್ಟಿಹಾಕಿಸುವ ಅಧಿಕಾರವನ್ನು 1963ರ ಟೋಕಿಯೋ ಒಡಂಬಡಿಕೆ ನಾಯಕನಿಗೆ ಕೊಟ್ಟಿತು; 1975ರ ಕಾಯಿದೆಯ ಮೂಲಕ ಭಾರತವು ಆ ಒಡಂಬಡಿಕೆಯನ್ನು ಜಾರಿಗೆ ತಂದಿತು.

ಒಬ್ಬನಲ್ಲಿ ಇಷ್ಟು ಅಧಿಕಾರವನ್ನು ಇರಿಸಿದುದೇಕೆ? 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಮೇಲೇರುತ್ತಿದ್ದ ವಿಮಾನವೊಂದರ ಎರಡೂ ಎಂಜಿನ್‌ಗಳು ಹಕ್ಕಿಗಳ ಹಿಂಡಿಗೆ ಸಿಕ್ಕಿ ಶಕ್ತಿಗುಂದಿದವು. ಹೊರಟ ನಿಲ್ದಾಣಕ್ಕೇ ಮರಳುವಂತೆ ನಿಯಂತ್ರಕನು ರನ್‌ವೇಯನ್ನು ತೆರವಿರಿಸಲು ಮುಂದಾದನು. ಅಲ್ಲಿಗೆ ತಲುಪಲಾಗದೆಂದು ನಿರ್ಣಯಿಸಿದ ನಾಯಕನು ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಿದನು. 155 ಮಂದಿಯೂ ಉಳಿದರು. ಹಕ್ಕಿ ಬಡಿದು ನೀರು ಮುಟ್ಟುವವರೆಗೆ ಸಂದುದು ಸುಮಾರು ಮೂರೂವರೆ ನಿಮಿಷ. ಅಷ್ಟರೊಳಗೆ ಯಾರ ಅಪ್ಪಣೆಯನ್ನು ಕಾದು ಕುಳಿತಿರುವುದು ಸಾಧ್ಯ?

ಆದರೆ ಕಡೆಯ ಮಾತು ನಾಯಕನದೆಂದ ಮಾತ್ರಕ್ಕೆ ಉಳಿದವರ ಮಾತು ಬೇಡವೆಂದು ಅರ್ಥವಲ್ಲ. ಇದಕ್ಕೆ ನಮ್ಮ ನಾಡಿನಲ್ಲಿಯೇ ದಾರುಣವಾದ ನಿದರ್ಶನವಿದೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನವು ಮಂಗಳೂರಿನಲ್ಲಿ ಇರಬೇಕಾದುದಕ್ಕಿಂತ ಎತ್ತರದಿಂದ, ಹೆಚ್ಚಿನ ವೇಗದಿಂದ ಇಳಿಯತೊಡಗಿತು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕೆಂದು ಸಹಪೈಲಟ್ ಮೂರು ಬಾರಿ ಹೇಳಿದರೂ ನಾಯಕನು ಇಳಿಸುವುದನ್ನೇ ಮುಂದುವರಿಸಿದನೆಂದು ತನಿಖಾ ವರದಿ ತಿಳಿಸುತ್ತದೆ. ರನ್‌ವೇಯ ಅರ್ಧಕ್ಕೂ ಹೆಚ್ಚು ಭಾಗವು ಹಿಂದುಳಿದ ಮೇಲೆ ನೆಲ ಮುಟ್ಟಿದ ವಿಮಾನವು ಅದರ ಕೊನೆಯನ್ನು ದಾಟಿ ಕಣಿವೆಗೆ ಉರುಳಿತು. 166 ಮಂದಿಯಲ್ಲಿ ಬದುಕಿದವರು ಎಂಟೇ ಜನ.

ಈ ಎರಡು ಪ್ರಸಂಗಗಳಲ್ಲಿಯೂ ಕಾನೂನು ಕೊಟ್ಟ ಅಧಿಕಾರ ಒಂದೇ. ನಿಯಂತ್ರಕನ ಸಲಹೆಯನ್ನು ಕೇಳಿ, ತೂಗಿ, ಆ ಬಳಿಕ ಬಿಟ್ಟವನು ಒಬ್ಬ; ಎಚ್ಚರಿಕೆ ಕಿವಿಗೆ ಬಿದ್ದರೂ ನಿರ್ಣಯವನ್ನು ತಿದ್ದಿಕೊಳ್ಳದವನು ಮತ್ತೊಬ್ಬ. ಆದುದರಿಂದಲೇ ಇಂದು ವೈಮಾನಿಕ ಶಿಕ್ಷಣದಲ್ಲಿ ಕಿರಿಯರಿಗೆ ಸಂಕೋಚವಿಲ್ಲದೆ ನುಡಿಯುವುದನ್ನೂ ಹಿರಿಯರಿಗೆ ಅದನ್ನು ಮನ್ನಿಸುವುದನ್ನೂ ಕಲಿಸುತ್ತಾರೆ. ನಿರ್ಣಯಿಸುವ ಅಧಿಕಾರ ಒಬ್ಬನದು. ಎಚ್ಚರಿಸುವ ಕರ್ತವ್ಯ ಜೊತೆಗಿರುವ ಎಲ್ಲರದು.