ಕಾಳಿಯ ಕಲ್ಲು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ವಾಚಕರಿಗೆ ವೀರಗಲ್ಲುಗಳು ಅಪರಿಚಿತವಲ್ಲ. ತುರುಗಳಿಗಾಗಿ, ಊರಿಗಾಗಿ, ಒಡೆಯನಿಗಾಗಿ ಮಡಿದ ಭಟರ ನೆನಪು ಆ ಕಲ್ಲುಗಳಲ್ಲಿ ಉಳಿದಿರುವುದು. ಆದರೆ ಒಬ್ಬ ಭಟನು ತನ್ನ ನಾಯಿಗಾಗಿ ನಿಲ್ಲಿಸಿದ ಕಲ್ಲೊಂದು ಕನ್ನಡನಾಡಿನಲ್ಲಿ ಉಂಟೆಂಬುದನ್ನು ಎಲ್ಲರೂ ಅರಿಯರು. ಆ ಭಟನ ದೊರೆ ಗಂಗವಂಶದವನು. ಗಂಗರ ಬಿರುದುಗಳಲ್ಲಿ ‘ನಂದಗಿರಿನಾಥ’ ಎಂಬುದೊಂದು. ಆ ನಂದಗಿರಿಯೇ ನಮ್ಮ ನಂದಿಬೆಟ್ಟ. ಆದುದರಿಂದ ಈ ವೃತ್ತಾಂತವು ನಮಗೂ ಸೇರಿದುದು.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಈ ಶಾಸನದ ಕಾಲ ಶಕವರ್ಷ 872, ಎಂದರೆ ಕ್ರಿ. ಶ. 949–50. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಘೋರಯುದ್ಧವು ನಡೆಯಿತು. ಕೃಷ್ಣನ ಪಕ್ಷದಲ್ಲಿದ್ದ ಗಂಗ ದೊರೆ ಇಮ್ಮಡಿ ಬೂತುಗನು ರಾಜಾದಿತ್ಯನನ್ನು ಕೊಂದನು. ಸಂತುಷ್ಟನಾದ ಚಕ್ರವರ್ತಿಯು ಅವನಿಗೆ ಬನವಾಸಿ ಪನ್ನಿರ್ಛಾಸಿರ, ಬೆಳ್ವೊಲ ಮುನ್ನೂರು ಮೊದಲಾದ ನಾಡುಗಳನ್ನು ಕೊಟ್ಟನು.

ಆ ರಣದಲ್ಲಿ ಮುಂದೆ ನಿಂತು ಕಾದಿದವನು ಬೂತುಗನ ಭಟ ಮಣಲೆರ. ಅವನ ಶೌರ್ಯಕ್ಕೆ ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂಬ ಅಪ್ಪಣೆಯಾಯಿತು. ಅವನು ಹೊನ್ನನ್ನು ಕೇಳಲಿಲ್ಲ, ಮಣ್ಣನ್ನು ಕೇಳಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ದಯಪಾಲಿಸಬೇಕೆಂದು ಕೇಳಿದನು. ಆತಕೂರು ಹನ್ನೆರಡು ಬಾಳ್ಗಚ್ಚಾಗಿ, ಎಂದರೆ ಕತ್ತಿ ತೊಳೆದ ಗೌರವದ ದತ್ತಿಯಾಗಿ, ಅವನಿಗೆ ದೊರೆತುದು ನಿಜ. ಆದರೆ ತಾನಾಗಿ ಬಾಯಿಬಿಟ್ಟು ಬೇಡಿದುದು ನಾಯಿಯೊಂದನ್ನೇ.

ಮುಂದೆ ಬೆಳತೂರಿನ ಬೆಟ್ಟದ ಪಡುವಣ ದೆಸೆಯಲ್ಲಿ ಒಂದು ಹಿರಿಯ ಹಂದಿಯ ಮೇಲೆ ಕಾಳಿಯನ್ನು ಬಿಡಲಾಯಿತು. ಹಂದಿಯೂ ನಾಯಿಯೂ ಹೋರಾಡಿ ಒಟ್ಟಿಗೆ ಸತ್ತವು. ಮಣಲೆರನು ಅತ್ತು ಸುಮ್ಮನಾಗಲಿಲ್ಲ. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಡಿಸಿ, ಎರಡು ಖಂಡುಗ ಭೂಮಿಯನ್ನು ಬಿಟ್ಟನು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು, ಎಂದರೆ ಶೈವ ಪೂಜಕನು, ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವು ಅವನಿಗೆ ತಗಲುವುದೆಂದು ಬರೆಯಿಸಿದನು. ನಾಯಿ ಹಂದಿಗಳ ಕಾಳಗವನ್ನು ಕೆತ್ತಿರುವ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವುದು.

ನಾವು ಉಪಾಧ್ಯಾಯರಾಗಿದ್ದಾಗ ಒಮ್ಮೆ ಹುಡುಗರನ್ನು ಅಲ್ಲಿಗೆ ಕರೆದೊಯ್ದಿದ್ದೆವು. ಒಬ್ಬ ಹುಡುಗನು, “ನಾಯಿಗೂ ಪೂಜೆಯೇ, ಮೇಷ್ಟ್ರೇ? ಗುಡಿಯೊಳಗೆ ಬಂದರೆ ಅದನ್ನು ಓಡಿಸುತ್ತಾರಲ್ಲ?” ಎಂದನು. ನಾವು ಧರ್ಮರಾಯನು ತನ್ನ ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬಾರೆನೆಂದ ಕಥೆಯನ್ನು ಹೇಳಿ ಪಾರಾದೆವು. ಆದರೆ ನಮ್ಮ ಮನೆಯ ಬಾಗಿಲಲ್ಲಿ ಎಷ್ಟೋ ವರ್ಷ ಕಾವಲಿದ್ದ ನಾಯಿಗೆ ನಾವು ಹಾಕುತ್ತಿದ್ದುದು ಎಲ್ಲರೂ ಉಂಡು ಮಿಕ್ಕುದನ್ನು. ಮಿಗದ ದಿನ ಅದೂ ಇಲ್ಲ. ಅದು ಸತ್ತಾಗ ಎಲ್ಲಿ ಹೂಳಿದರೆಂದು ಸಹ ನಾವು ವಿಚಾರಿಸಲಿಲ್ಲ. ಹುಡುಗನ ಮಾತು ನಮ್ಮನ್ನು ಬಹುಕಾಲ ಚುಚ್ಚಿತು.

ಭಟನಿಗೂ ನಾಯಿಗೂ ಇರುವ ನಂಟು ಇಂದಿಗೂ ಅಳಿದಿಲ್ಲ. ನಮ್ಮ ಮುಧೋಳದ ತಳಿಯ ಮರಿಗಳನ್ನು 2016ರಲ್ಲಿ ಭಾರತೀಯ ಸೈನ್ಯವು ಶಿಕ್ಷಣಕ್ಕಾಗಿ ಮೀರತ್ತಿಗೆ ಕರೆದೊಯ್ದಿತು. 2023ರ ಸೆಪ್ಟೆಂಬರಿನಲ್ಲಿ ಜಮ್ಮುವಿನ ರಾಜೌರಿ ಪ್ರಾಂತ್ಯದಲ್ಲಿ ಕೆಂಟ್ ಎಂಬ ಸೈನ್ಯದ ಹೆಣ್ಣುನಾಯಿಯು, ಗುಂಡುಗಳು ಹಾರುತ್ತಿರುವಾಗ ತನ್ನನ್ನು ನಡೆಸುತ್ತಿದ್ದ ಯೋಧನನ್ನು ಕಾಪಾಡಿ ತಾನು ಮಡಿಯಿತು. ಅದರ ದೇಹಕ್ಕೆ ರಾಷ್ಟ್ರಧ್ವಜವನ್ನು ಹೊದಿಸಿ ಗೌರವಿಸಿದರು. ಸೇವೆ ಮುಗಿಸಿದ ಸೈನ್ಯದ ನಾಯಿಗಳನ್ನು ಗೃಹಸ್ಥರು ಸಾಕಿಕೊಳ್ಳುವ ಪದ್ಧತಿಯೂ ಈಗ ಉಂಟು.

ಮಣಲೆರನ ದೊಡ್ಡತನವು ಪ್ರೀತಿಯಲ್ಲಿ ಮಾತ್ರವಲ್ಲ. ಆ ಪ್ರೀತಿಯನ್ನು ಋಣವೆಂದು ಎಣಿಸಿ, ತಾನು ಇಲ್ಲದ ಕಾಲಕ್ಕೂ ಅದು ಸಲ್ಲುವಂತೆ ಏರ್ಪಡಿಸಿದುದರಲ್ಲಿ ಇರುವುದು. ಗೃಹಸ್ಥನು ತಾನು ಉಣ್ಣುವ ಮೊದಲು ನಾಯಿಗೂ ಅನ್ನವಿಡಬೇಕೆಂದು ನಮ್ಮ ಧರ್ಮಶಾಸ್ತ್ರದ ವೈಶ್ವದೇವ ವಿಧಿಯೂ ಹೇಳುವುದು. ಅದನ್ನು ಓದಿ ಪಾಠ ಹೇಳಿದವರು ನಾವು. ನಡೆಸಿ ತೋರಿಸಿದವನು ಕತ್ತಿ ಹಿಡಿದ ಒಬ್ಬ ಭಟ. ಈಗ ನಮ್ಮ ಮನೆಯಲ್ಲಿ ಎಲೆ ಹಾಕುವುದಕ್ಕೆ ಮುಂಚೆ ಒಂದು ಹಿಡಿ ಅನ್ನವು ಬಾಗಿಲಿನ ಹೊರಗೆ ಹೋಗುವುದು.