ಒಂದೇ ಡಬ್ಬಿಯಲ್ಲಿ ಡಿಸ್ಕೂ ನೆಟ್‌ಫ್ಲಿಕ್ಸೂ: ನಂಬಿದ್ದೇನು, ನಿಜವೇನು?

"ಸಿ.ಡಿ. ಹಾಕಾಕೂ ಬರಬೇಕು, ನೆಟ್‌ಫ್ಲಿಕ್ಸೂ ಬರಬೇಕು. ಎಲ್ಲಾ ಒಂದ ಡಬ್ಬಿಯೊಳಗ ಇರೂದು ಕೊಡ್ರಿ." ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಹೊಸ ಮನೆ ಕಟ್ಟಿಸಿ, ಹಾಲ್‌ಗೆ ದೊಡ್ಡ ಟಿ.ವಿ. ತಂದು, ಸುತ್ತ ಸ್ಪೀಕರ್ ಕೂರಿಸಲು ಹೊರಟವರು ಕೊಪ್ಪಿಕರ್ ರಸ್ತೆಯ ಅಂಗಡಿಯಲ್ಲಿ ಕೇಳುವ ಮಾತಿದು. ಕೇಳುವುದರಲ್ಲಿ ತಪ್ಪಿಲ್ಲ. ಟಿ.ವಿ. ಕೆಳಗಿನ ಕಪಾಟಿನಲ್ಲಿ ಮಗಳ ಮದುವೆಯ ಡಿವಿಡಿ ಇದೆ. ಮೋಸರ್ ಬೇರ್ ಕಂಪನಿ 34 ರೂಪಾಯಿಗೆ ಒಂದರಂತೆ ಡಿವಿಡಿ ಮಾರುತ್ತಿದ್ದ ಕಾಲದಲ್ಲಿ ಕೊಂಡ ಸಿನಿಮಾಗಳಿವೆ. ಮಕ್ಕಳಿಗೆ ಪ್ರೈಮ್, ಜಿಯೋಹಾಟ್‌ಸ್ಟಾರ್ ಬೇಕು. ಎರಡನ್ನೂ ನಡೆಸುವ ಪೆಟ್ಟಿಗೆ ಇದೆಯೇ ಎಂದರೆ, ಇದೆ. ಆದರೆ ಅದರ ಸುತ್ತ ಬೆಳೆದ ನಂಬಿಕೆಗಳಲ್ಲಿ ಬಹಳಷ್ಟು ಹತ್ತು ಹದಿನೈದು ವರ್ಷ ಹಳೆಯವು. ಕೆಲವಂತೂ ಆಗಲೂ ನಿಜವಾಗಿರಲಿಲ್ಲ.

"ಒಮ್ಮೆ ಕೊಂಡ್ರ ಆತು, ಆಪ್ ಒಳಗ ಇರ್ತಾವಲ್ಲ"

ಒಳಗೆ ಇರುತ್ತವೆ ನಿಜ. ಮುಂದೆಯೂ ನಡೆಯುತ್ತವೆ ಎಂಬ ಖಾತರಿ ಯಾರೂ ಕೊಡುವುದಿಲ್ಲ.

ಡಿಸ್ಕ್ ಪ್ಲೇಯರ್ ಒಳಗೆ ನೆಟ್‌ಫ್ಲಿಕ್ಸ್ ಹೊಕ್ಕಿದ್ದು 2008ರಲ್ಲಿ, ಅಮೆರಿಕದಲ್ಲಿ ಎಲ್‌ಜಿ ಬಿಡುಗಡೆ ಮಾಡಿದ ಬಿಡಿ300 ಎಂಬ ಬ್ಲೂ-ರೇ ಪ್ಲೇಯರ್ ಮೂಲಕ. ಆಗ ನೆಟ್‌ಫ್ಲಿಕ್ಸ್ ಎಂದರೆ ಮುಖ್ಯವಾಗಿ ಅಂಚೆಯಲ್ಲಿ ಡಿವಿಡಿ ಕಳಿಸುವ ಕಂಪನಿ. ಇಂಟರ್‌ನೆಟ್ ಮೇಲೆ ಸಿನಿಮಾ ತೋರಿಸತೊಡಗಿದ್ದು ಅದರ ಹಿಂದಿನ ವರ್ಷವಷ್ಟೇ. ಬಹುತೇಕ ಟಿ.ವಿ.ಗಳಿಗೆ ಇನ್ನೂ ಇಂಟರ್‌ನೆಟ್ ಬಂದಿರಲಿಲ್ಲವಾದ್ದರಿಂದ, ಸಿನಿಮಾ ಹುಚ್ಚಿನವರ ಮನೆಯಲ್ಲಿ ಹೇಗೂ ಇರುವ ಡಿಸ್ಕ್ ಪೆಟ್ಟಿಗೆಯೇ ಒಳ್ಳೆಯ ದಾರಿ ಎನಿಸಿತು. ಭಾರತಕ್ಕೆ ನೆಟ್‌ಫ್ಲಿಕ್ಸ್ ಬಂದದ್ದು 2016ರ ಜನವರಿಯಲ್ಲಿ, ಪ್ರೈಮ್ ವಿಡಿಯೊ ಅದೇ ವರ್ಷದ ಡಿಸೆಂಬರಿನಲ್ಲಿ. ಆ ಹೊತ್ತಿಗೆ ಟಿ.ವಿ.ಗಳೇ ಸ್ಮಾರ್ಟ್ ಆಗತೊಡಗಿದ್ದವು. ಅಂದರೆ ಈ ಜೋಡಿ ಪೆಟ್ಟಿಗೆಯ ಒಳ್ಳೆಯ ಕಾಲ ನಮ್ಮೂರನ್ನು ಸೋಕದೆಯೇ ದಾಟಿಹೋಯಿತು.

2015ರಲ್ಲಿ ಇನ್ನೊಂದು ಪಾಠ ಸಿಕ್ಕಿತು. ಯೂಟ್ಯೂಬ್ ತನ್ನ ಹಳೆಯ ವ್ಯವಸ್ಥೆಯನ್ನು ನಿಲ್ಲಿಸಿದಾಗ 2012 ಮತ್ತು ಅದಕ್ಕೂ ಹಿಂದಿನ ಎಷ್ಟೋ ಸ್ಮಾರ್ಟ್ ಟಿ.ವಿ., ಬ್ಲೂ-ರೇ ಪ್ಲೇಯರ್‌ಗಳಲ್ಲಿ ಆ ಆಪ್ ಕೆಲಸ ನಿಲ್ಲಿಸಿತು. ಪೆಟ್ಟಿಗೆ ಕೆಟ್ಟಿರಲಿಲ್ಲ, ತಿರುಗುವ ಡಿಸ್ಕ್ ತಿರುಗುತ್ತಲೇ ಇತ್ತು. ಆಪ್ ಎಂಬುದು ದೂರದ ಸರ್ವರ್ ಜತೆ ಪ್ರತಿ ಸಲ ಮಾತಾಡಿ ಗುರುತು ತೋರಿಸಿ ಸಿನಿಮಾ ತರುವ ಸಾಧನ. ಅತ್ತ ರಕ್ಷಣೆಯ ನಿಯಮ ಬದಲಾದರೆ ಇತ್ತಲೂ ಬದಲಾಗಬೇಕು. ಪ್ಲೇಯರ್ ಒಳಗಿನ ಚಿಪ್ ಸಣ್ಣದು, ಮೆಮೊರಿ ಕಡಿಮೆ. ತಯಾರಕರಿಗೆ ಮಾರಿ ಮುಗಿದ ಮಾದರಿಗೆ ಹೊಸ ಸಾಫ್ಟ್‌ವೇರ್ ಬರೆಯುವ ಉತ್ಸಾಹವೂ ಇರುವುದಿಲ್ಲ.

ಕನ್ನಡ ಪ್ರೇಕ್ಷಕರಿಗೆ ಹತ್ತಿರದ ಉದಾಹರಣೆ '777 ಚಾರ್ಲಿ'. 2022ರಲ್ಲಿ ಅದು ವೂಟ್ ಸೆಲೆಕ್ಟ್‌ನಲ್ಲಿ ಬಂತು. ಮರುವರ್ಷ ವೂಟ್ ಜಿಯೋಸಿನಿಮಾದೊಳಗೆ ಸೇರಿತು. 2025ರ ಫೆಬ್ರುವರಿಯಲ್ಲಿ ಜಿಯೋಸಿನಿಮಾ ಮತ್ತು ಹಾಟ್‌ಸ್ಟಾರ್ ಕೂಡಿ ಜಿಯೋಹಾಟ್‌ಸ್ಟಾರ್ ಆಯಿತು. ಮೂರು ವರ್ಷದೊಳಗೆ ಮೂರು ಹೆಸರು. ಫೋನಿನಲ್ಲಾದರೆ ಹಳೆಯದನ್ನು ಅಳಿಸಿ ಹೊಸದನ್ನು ಹಾಕಿಕೊಂಡೆವು. ಕಾರ್ಖಾನೆಯಲ್ಲೇ ಆಪ್ ತುಂಬಿ ಕಳಿಸಿದ ಪ್ಲೇಯರ್‌ನಲ್ಲಿ ಆ ಅನುಕೂಲ ಇಲ್ಲ. ಡಿಸ್ಕ್ ಭಾಗ ಸ್ವಂತ ಮನೆಯಾದರೆ ಆಪ್ ಭಾಗ ಬಾಡಿಗೆ ಕೋಣೆ, ಮಾಲೀಕ ಬಿಡು ಎಂದ ದಿನ ಬಿಡಬೇಕು.

ತಯಾರಕರಿಗೂ ಇದು ಗೊತ್ತಾಗಿದೆ. ಸೋನಿ ತನ್ನ ಯುಬಿಪಿ-ಎಕ್ಸ್800 ಪ್ಲೇಯರ್‌ನಲ್ಲಿ ಕೊಟ್ಟಿದ್ದ ಸ್ಟ್ರೀಮಿಂಗ್ ಆಪ್‌ಗಳನ್ನು ಅದರ ನಂತರದ ಎಕ್ಸ್800ಎಂ2ನಲ್ಲಿ ತೆಗೆದುಹಾಕಿತು. ಹೊಸ ಮಾದರಿಯಲ್ಲಿ ಹಳೆಯದಕ್ಕಿಂತ ಕಡಿಮೆ! ಕೇಳಿದರೆ ವಿಚಿತ್ರ, ಆದರೆ ನನ್ನ ಮಟ್ಟಿಗೆ ಅದೇ ಪ್ರಾಮಾಣಿಕ ಪೆಟ್ಟಿಗೆ.

"ಡಬ್ಬಿ ಮ್ಯಾಲೆ ವೈ-ಫೈ ಅಂತ ಬರದೈತ್ರಿ"

ಅದರಿಂದ ಏನೂ ಸಿದ್ಧವಾಗುವುದಿಲ್ಲ. 'ವೈ-ಫೈ ರೆಡಿ' ಎಂದಿದ್ದರೆ ಒಳಗೆ ವೈ-ಫೈ ಇಲ್ಲ, ಬೇರೆ ಅಡಾಪ್ಟರ್ ಕೊಳ್ಳಬೇಕು ಎಂದರ್ಥ. 'ಡಿಎಲ್‌ಎನ್‌ಎ' ಎಂದಿದ್ದರೆ ಮನೆಯ ಕಂಪ್ಯೂಟರಿನಲ್ಲಿರುವ ನಿಮ್ಮದೇ ವಿಡಿಯೊಗಳನ್ನು ತೋರಿಸುತ್ತದೆ, ನೆಟ್‌ಫ್ಲಿಕ್ಸನ್ನಲ್ಲ. 'ಸ್ಕ್ರೀನ್ ಮಿರರಿಂಗ್' ಇದೆ, ಫೋನಿನಿಂದ ಹಾಕಿಕೊಳ್ಳೋಣ ಎಂದುಕೊಂಡರೆ ಹಣ ಕೊಟ್ಟು ನೋಡುವ ಆಪ್‌ಗಳು ನಕಲು ತಡೆಗಾಗಿ ಎಷ್ಟೋ ಸಲ ಕಪ್ಪು ಪರದೆ ತೋರಿಸುತ್ತವೆ. ಕೇಳಬೇಕಾದ ಪ್ರಶ್ನೆ ಒಂದೇ: ನಾನು ನೋಡುವ ಆಪ್‌ಗಳ ಹೆಸರು ಇದರಲ್ಲಿ ಇವೆಯೇ? ಜಪಾನಿನಲ್ಲಿ ಕೂತು ಪ್ಲೇಯರ್ ವಿನ್ಯಾಸ ಮಾಡಿದವರಿಗೆ ನೆಟ್‌ಫ್ಲಿಕ್ಸ್, ಯೂಟ್ಯೂಬ್ ನೆನಪಾಗುತ್ತವೆ. ಸನ್ ನೆಕ್ಸ್ಟ್, ಝೀ5 ನೆನಪಾಗುವುದು ಕಷ್ಟ. ಕನ್ನಡ ಸಿನಿಮಾ, ಧಾರಾವಾಹಿ ನೋಡುವ ಮನೆಗೆ ಬೇಕಾದವು ಆ ಎರಡನೆಯ ಸಾಲಿನವೇ.

"4ಕೆ ಅಂದ್ರ 4ಕೆ, ಡಿಸ್ಕ್ ಆದ್ರೇನು ನೆಟ್ ಆದ್ರೇನು"

ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಹೋಮ್ ಥಿಯೇಟರಿಗೆ ಹಣ ಹಾಕುವವರ ಲಾಭನಷ್ಟ ನಿಂತಿರುವುದು ಇಲ್ಲೇ.

4ಕೆ ಎಂದರೆ ಪರದೆಯ ಮೇಲೆ ಅಡ್ಡಲಾಗಿ 3840, ಉದ್ದಕ್ಕೆ 2160 ಚುಕ್ಕಿ. ಡಿಸ್ಕಿನಲ್ಲೂ ಅಷ್ಟೇ, ಸ್ಟ್ರೀಮಿಂಗ್‌ನಲ್ಲೂ ಅಷ್ಟೇ. ಆದರೆ ಆ ಚುಕ್ಕಿಗಳನ್ನು ತುಂಬಲು ಎಷ್ಟು ಮಾಹಿತಿ ಬರುತ್ತಿದೆ ಎಂಬುದು ಬೇರೆ ಲೆಕ್ಕ. ನೆಟ್‌ಫ್ಲಿಕ್ಸ್ 4ಕೆಗೆ ಸೆಕೆಂಡಿಗೆ 15 ಮೆಗಾಬಿಟ್ ವೇಗ ಸಾಕು ಎನ್ನುತ್ತದೆ, ಗಂಟೆಗೆ ಸುಮಾರು 7 ಜಿಬಿ ಖರ್ಚು. 2016ರಿಂದ ಬಂದ 4ಕೆ ಬ್ಲೂ-ರೇ ಡಿಸ್ಕ್ 50, 66 ಅಥವಾ 100 ಜಿಬಿಯದು. ಎರಡು ಗಂಟೆಯ ಸಿನಿಮಾಕ್ಕೆ 60 ಜಿಬಿ ಬಳಸಿದರೆ ಸೆಕೆಂಡಿಗೆ 66 ಮೆಗಾಬಿಟ್ ಆಸುಪಾಸು, ಅಂದರೆ ನಾಲ್ಕು ಪಟ್ಟಿಗೂ ಹೆಚ್ಚು. ಹಗಲಿನ ದೃಶ್ಯದಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣದು. ಕತ್ತಲು, ಹೊಗೆ, ಮಳೆ, ಧೂಳು ತುಂಬಿದ ದೃಶ್ಯಗಳಲ್ಲಿ ಕಾಣುತ್ತದೆ. 'ಕೆಜಿಎಫ್'ನಂಥ ಕಪ್ಪು-ಕಂದು ಬಣ್ಣದ ಸಿನಿಮಾವನ್ನು ನಿಧಾನ ನೆಟ್‌ನಲ್ಲಿ ನೋಡಿ, ಕತ್ತಲ ಭಾಗಗಳು ಚೌಕ ಚೌಕವಾಗಿ ಒಡೆಯುವುದು ಕಣ್ಣಿಗೆ ಹೊಡೆಯುತ್ತದೆ.

ದನಿಯ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು. ಎರಡರ ಮೇಲೂ 'ಡಾಲ್ಬಿ ಅಟ್ಮಾಸ್' ಎಂದೇ ಬರೆದಿರುತ್ತದೆ. ಸ್ಟ್ರೀಮಿಂಗ್‌ನ ಅಟ್ಮಾಸ್ ಸಾಮಾನ್ಯವಾಗಿ ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ, ಒಂದಿಷ್ಟು ಮಾಹಿತಿ ಬಿಟ್ಟು ಕುಗ್ಗಿಸಿದ ರೂಪದಲ್ಲಿ ಬರುತ್ತದೆ. ಡಿಸ್ಕಿನದು ಬಹುಮಟ್ಟಿಗೆ ಟ್ರೂಎಚ್‌ಡಿ, ಅಂದರೆ ಸ್ಟುಡಿಯೊದಲ್ಲಿ ಮಿಶ್ರಣ ಮಾಡಿದ್ದು ಒಂದಿಷ್ಟೂ ಬಿಡದೆ. ಸೌಂಡ್‌ಬಾರ್ ಒಂದನ್ನೇ ಇಟ್ಟುಕೊಂಡವರಿಗೆ ಇದು ತಲೆಬಿಸಿಯ ವಿಷಯವಲ್ಲ. ಸ್ಪೀಕರ್‌ಗಳನ್ನು ನಡೆಸುವ ರಿಸೀವರ್, ಸಬ್‌ವೂಫರ್, ಹಿಂದಿನ ಸ್ಪೀಕರ್ ಎಂದು ಖರ್ಚು ಮಾಡಿದವರು ಬರೀ ಸ್ಟ್ರೀಮಿಂಗ್ ನೋಡಿದರೆ ಆ ಖರ್ಚಿನ ಪೂರ್ತಿ ಫಲ ಸಿಗುವುದಿಲ್ಲ.

ಇದಕ್ಕೆ ಸೇರಿಸಿ ಇನ್ನೊಂದು. ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಸಿಗುವುದು ಪ್ರೀಮಿಯಂ ಪ್ಲಾನ್‌ಗೆ ಮಾತ್ರ, ಮೊಬೈಲ್ ಪ್ಲಾನ್ ಟಿ.ವಿ.ಯಲ್ಲಿ ನಡೆಯುವುದೇ ಇಲ್ಲ. 4ಕೆ ಪ್ಲೇಯರ್ ತಂದು ಕಡಿಮೆ ಪ್ಲಾನ್ ಹಾಕಿ "ಚಿತ್ರ ಅಷ್ಟ ಚಲೋ ಬರಂಗಿಲ್ರಿ" ಎಂದು ಅಂಗಡಿಯವರನ್ನು ಬೈಯುವುದು ಅನ್ಯಾಯ.

"ಅಪ್‌ಸ್ಕೇಲಿಂಗ್ ಐತಿ, ಹಳೇ ಡಿವಿಡಿ 4ಕೆ ಆಗ್ತಾವ"

ಆಗುವುದಿಲ್ಲ. ನಮ್ಮ ಡಿವಿಡಿಯಲ್ಲಿರುವುದು 720ಕ್ಕೆ 576 ಚುಕ್ಕಿ, ಒಟ್ಟು ನಾಲ್ಕು ಲಕ್ಷ ಚಿಲ್ಲರೆ. 4ಕೆ ಪರದೆಗೆ ಸುಮಾರು 83 ಲಕ್ಷ ಬೇಕು. ಪ್ರತಿ ಇಪ್ಪತ್ತರಲ್ಲಿ ಹತ್ತೊಂಬತ್ತು ಚುಕ್ಕಿಯನ್ನು ಪ್ಲೇಯರ್ ಅಂದಾಜಿನ ಮೇಲೆ ತುಂಬುತ್ತದೆ. ಒಳ್ಳೆಯ ಪ್ಲೇಯರ್ ಅಂದಾಜನ್ನು ಜಾಣತನದಿಂದ ಮಾಡುತ್ತದೆ, ಅಂಚುಗಳು ನಯವಾಗುತ್ತವೆ. ಇಲ್ಲದ ವಿವರ ಹುಟ್ಟುವುದಿಲ್ಲ. ವಿಸಿಡಿಯಂತೂ 352ಕ್ಕೆ 288. ಅದನ್ನು 65 ಇಂಚಿನ ಮೇಲೆ ಹಾಕಿದರೆ ರಾಜ್‌ಕುಮಾರ್ ಮುಖವೂ ಮಸುಕೇ. ಹೊಸ ಪ್ಲೇಯರ್‌ಗಳಲ್ಲಿ ಕೆಲವು ವಿಸಿಡಿಯನ್ನು ಓದುವುದೇ ಇಲ್ಲ. ಕೊಳ್ಳುವ ಮುನ್ನ ಪಟ್ಟಿಯಲ್ಲಿ ಆ ಹೆಸರಿದೆಯೇ ನೋಡಬೇಕು.

"ಅಮೆರಿಕಾದಾಗಿನ ತಮ್ಮ ತಂದಾನ್ರಿ, ಅಲ್ಲಿದು ಭಾಳ ಚಲೋ"

ಹುಬ್ಬಳ್ಳಿಯಲ್ಲಿ ಎಷ್ಟೋ ಮನೆಯ ಮಕ್ಕಳು ಸಾಗರದಾಚೆ ಇದ್ದಾರೆ, ಬರುವಾಗ ಏನಾದರೂ ತರುತ್ತಾರೆ. ಪ್ಲೇಯರ್ ತರುವುದಾದರೆ ಮೊದಲು ಹಿಂಬದಿಯ ಚೀಟಿ ಓದಬೇಕು. '100–240 ವೋಲ್ಟ್' ಎಂದಿದ್ದರೆ ಸರಿ. ಬರೀ '120 ವೋಲ್ಟ್' ಎಂದಿದ್ದರೆ ನಮ್ಮ 230 ವೋಲ್ಟಿಗೆ ನೇರ ಚುಚ್ಚಿದ ಗಳಿಗೆಯಲ್ಲೇ ಸುಟ್ಟೀತು.

ಮುಂದಿನದು ವಲಯದ ಬೀಗ. ಡಿವಿಡಿಯಲ್ಲಿ ಅಮೆರಿಕ 1ನೇ ವಲಯ, ಭಾರತ 5ನೆಯದು. ಬ್ಲೂ-ರೇಯಲ್ಲಿ ಅಮೆರಿಕ 'ಎ', ಭಾರತ 'ಸಿ'. ವಲಯ ಹೊಂದದ ಡಿಸ್ಕ್ ಹಾಕಿದರೆ ಪ್ಲೇಯರ್ ಸಿನಿಮಾ ತೋರಿಸದೆ ಒಂದು ಸಾಲಿನ ಸಂದೇಶ ತೋರಿಸಿ ಸುಮ್ಮನಾಗುತ್ತದೆ. ಬೀಗವೇ ಇಲ್ಲದ ಡಿಸ್ಕ್‌ಗಳೂ ಸಾಕಷ್ಟಿವೆ. 4ಕೆ ಬ್ಲೂ-ರೇಗೆ ವಲಯದ ಕಟ್ಟಳೆಯೇ ಇಲ್ಲ, ಯಾವ ದೇಶದ ಡಿಸ್ಕ್ ಆದರೂ ಓಡುತ್ತದೆ. ಆಪ್‌ಗಳ ಕಥೆ ಹಾಗಲ್ಲ. ಅಮೆರಿಕದ ಪೆಟ್ಟಿಗೆಯಲ್ಲಿ ಹುಲು, ವುಡು ಇರುತ್ತವೆ. ಹುಲು ಇಲ್ಲಿ ನಡೆಯದು, ವುಡು 2024ರಲ್ಲಿ ಹೆಸರನ್ನೇ ಬದಲಿಸಿಕೊಂಡಿತು. ಜಿಯೋಹಾಟ್‌ಸ್ಟಾರ್ ಅದರಲ್ಲಿ ಹುಡುಕಿದರೆ ಸಿಗುವುದಿಲ್ಲ.

"ಡಿಸ್ಕಿನ ಕಾಲ ಮುಗೀತು" ಮತ್ತು "ಡಿಸ್ಕ್ ಇದ್ರ ಜೀವನಪೂರ್ತಿ ಚಿಂತಿಲ್ಲ"

ಒಂದೇ ಮನೆಯಲ್ಲಿ ಮಗ ಮೊದಲನೆಯದನ್ನೂ ಅಪ್ಪ ಎರಡನೆಯದನ್ನೂ ಹೇಳುತ್ತಾರೆ. ಇಬ್ಬರದೂ ಅರ್ಧ ಸರಿ.

ತಯಾರಕರು ಕಡಿಮೆಯಾಗುತ್ತಿರುವುದು ನಿಜ. ಹವ್ಯಾಸಿಗಳು ತಲೆಯ ಮೇಲೆ ಹೊತ್ತು ಮೆರೆಸಿದ ಒಪ್ಪೊ 2018ರಲ್ಲಿ ಪ್ಲೇಯರ್ ತಯಾರಿಕೆ ಬಿಟ್ಟಿತು. 2019ರಲ್ಲಿ ಸ್ಯಾಮ್‌ಸಂಗ್ ಅಮೆರಿಕಕ್ಕೆ ಹೊಸ ಮಾದರಿ ತರುವುದಿಲ್ಲ ಎಂದಿತು. ಮೊದಲು ನೆಟ್‌ಫ್ಲಿಕ್ಸ್ ತುಂಬಿದ ಎಲ್‌ಜಿ 2024ರ ಕೊನೆಗೆ ಹಿಂದೆ ಸರಿಯಿತು. ಮುಖ್ಯವಾಗಿ ಉಳಿದವರು ಸೋನಿ, ಪ್ಯಾನಸಾನಿಕ್. ಹಾಗೆಂದು ಬೇಡಿಕೆ ಸತ್ತಿಲ್ಲ. 2023ರ ನವೆಂಬರಿನಲ್ಲಿ 'ಓಪನ್‌ಹೈಮರ್' ಚಿತ್ರದ 4ಕೆ ಡಿಸ್ಕ್ ಬಂದಾಗ ಅಮೆರಿಕದ ಅಂಗಡಿಗಳಲ್ಲಿ ಬೇಗನೆ ಖಾಲಿಯಾಯಿತು.

ನಮ್ಮ ಕನ್ನಡದ ಪರಿಸ್ಥಿತಿ ಬೇರೆ. ವಿಸಿಡಿ, ಡಿವಿಡಿ ಕಾಲದಲ್ಲಿ ಕನ್ನಡ ಸಿನಿಮಾಗಳು ಧಾರಾಳವಾಗಿ ಬಂದವು. ಬ್ಲೂ-ರೇ ಹೊತ್ತಿಗೆ ಅಪರೂಪವಾದವು. 2020ರ ಜುಲೈಯಲ್ಲಿ 'ಲಾ', 'ಫ್ರೆಂಚ್ ಬಿರಿಯಾನಿ' ಚಿತ್ರಮಂದಿರ ಕಾಣದೆ ನೇರ ಪ್ರೈಮ್‌ಗೆ ಬಂದ ಮೇಲೆ ದಾರಿ ಎತ್ತ ಎಂಬುದು ಸ್ಪಷ್ಟವಾಯಿತು. ಹೊಸ ಕನ್ನಡ ಸಿನಿಮಾಕ್ಕೆಂದೇ ದುಬಾರಿ 4ಕೆ ಪ್ಲೇಯರ್ ಕೊಳ್ಳುವುದು ನನಗೆ ಸರಿಕಾಣದು. ಹಾಲಿವುಡ್‌ನ ದೊಡ್ಡ ಚಿತ್ರಗಳ ಹುಚ್ಚಿದ್ದರೆ ಮಾತು ಬೇರೆ.

ಇನ್ನು ಅಪ್ಪನ ನಂಬಿಕೆ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿಸ್ಕ್ ದೀರ್ಘಕಾಲ ಬಾಳಬಹುದು. ಮದುವೆಯ ಫೋಟೊಗ್ರಾಫರ್ ಕೊಟ್ಟದ್ದು ಅದಲ್ಲ, ಬಣ್ಣದ ಪದರದ ಮೇಲೆ ಲೇಸರ್‌ನಿಂದ ಸುಟ್ಟು ಬರೆದ ಡಿವಿಡಿ-ಆರ್. ಬಿಸಿಲು, ಶಾಖ, ತೇವಕ್ಕೆ ಆ ಬಣ್ಣ ಮಾಸುತ್ತದೆ, ಒಂದು ದಿನ ಅಕ್ಷತೆಯ ಹೊತ್ತಿಗೇ ಚಿತ್ರ ನಿಂತುಬಿಡುತ್ತದೆ. ಎಂಥ ಪ್ಲೇಯರ್ ತಂದರೂ ಇದಕ್ಕೆ ಮದ್ದಿಲ್ಲ. ಡಿಸ್ಕ್ ಡ್ರೈವ್ ಇರುವ ಕಂಪ್ಯೂಟರ್ ಯಾರ ಬಳಿಯಾದರೂ ಇರುವಾಗಲೇ ಹಾರ್ಡ್ ಡಿಸ್ಕಿಗೆ ಇಳಿಸಿ, ಎರಡು ಕಡೆ ಇಡಬೇಕು.

"ಆಪ್ ಟಿ.ವಿ.ಯಾಗೂ ಅದಾವ, ಪ್ಲೇಯರಿಂದ ಏನ ಹೆಚ್ಚು?"

ಬಹಳ ಮನೆಗಳಲ್ಲಿ ಏನೂ ಹೆಚ್ಚಿಲ್ಲ. ಒಂದು ಸಂದರ್ಭದಲ್ಲಿ ಮಾತ್ರ ಪ್ಲೇಯರ್‌ನ ಆಪ್‌ಗೆ ಬೆಲೆ ಉಂಟು. ಟಿ.ವಿ. ಹಳೆಯದಾಗಿ ಅದರಿಂದ ಸ್ಪೀಕರ್‌ಗೆ ಬರೀ ಎರಡು ಚಾನೆಲ್ ದನಿ ಹೋಗುತ್ತಿದ್ದರೆ, ಪ್ಲೇಯರ್ ನೇರವಾಗಿ ರಿಸೀವರ್‌ಗೆ ಎಚ್‌ಡಿಎಂಐ ಮೂಲಕ 5.1 ದನಿ ಕೊಡುತ್ತದೆ. ಟಿ.ವಿ.ಯಲ್ಲಿ ದನಿಯನ್ನು ರಿಸೀವರ್‌ಗೆ ಮರಳಿ ಕಳಿಸುವ 'ಎಆರ್‌ಸಿ' ಎಂಬ ಎಚ್‌ಡಿಎಂಐ ಕಿಂಡಿ ಇದ್ದರೆ ಸ್ಟ್ರೀಮಿಂಗ್‌ನ ಅಟ್ಮಾಸ್ ಬಹುತೇಕ ಅದರಲ್ಲೇ ದಾಟುತ್ತದೆ. ಡಿಸ್ಕಿನ ಟ್ರೂಎಚ್‌ಡಿ ಟಿ.ವಿ. ಮೂಲಕ ದಾಟಬೇಕಾದರೆ ಎರಡೂ ಕಡೆ ಅದರ ಸುಧಾರಿತ ರೂಪವಾದ 'ಇಎಆರ್‌ಸಿ' ಬೇಕು. ಕೆಲವು ಟಿ.ವಿ.ಗಳು ಡಿಸ್ಕ್‌ಗಳಲ್ಲಿ ಬರುವ ಡಿಟಿಎಸ್ ಎಂಬ ಇನ್ನೊಂದು ಬಗೆಯ ದನಿಯನ್ನು ತಡೆದೇ ಬಿಡುತ್ತವೆ. ಸ್ಯಾಮ್‌ಸಂಗ್ 2018ರ ಮಾದರಿಗಳಿಂದ ಅದನ್ನು ಕೈಬಿಟ್ಟಿದೆ. ಅದಕ್ಕೇ ಪ್ಲೇಯರ್ ವೈರನ್ನು ಮೊದಲು ರಿಸೀವರ್‌ಗೆ, ಅಲ್ಲಿಂದ ಟಿ.ವಿ.ಗೆ ಕೊಡುವುದು ಕ್ಷೇಮ.

ಹಾಗಾದರೆ ಕೊಳ್ಳುವುದೇನು? ಕಪಾಟಿನ ಡಿವಿಡಿಗಳನ್ನು ನೋಡುವುದಷ್ಟೇ ಆಸೆಯಾದರೆ ಸಾದಾ ಪ್ಲೇಯರ್ ಮತ್ತು ಆಪ್‌ಗಳಿಗೆ ಟಿ.ವಿ.ಗೆ ಚುಚ್ಚುವ ಸ್ಟಿಕ್ ಸಾಕು. ಸ್ಟಿಕ್ ಹಳೆಯದಾದರೆ ಅದೊಂದನ್ನೇ ಬದಲಿಸಬಹುದು. ಚಿತ್ರ, ದನಿ ಎರಡರಲ್ಲೂ ರಾಜಿಯಿಲ್ಲ ಎನ್ನುವವರು 4ಕೆ ಪ್ಲೇಯರ್‌ನ ಡಿಸ್ಕ್ ಗುಣ ನೋಡಿ ಕೊಳ್ಳಲಿ, ಆಪ್ ಇದ್ದರೆ ಇರಲಿ. ಮನೆಯಲ್ಲಿ ಆಟ ಆಡುವ ಹುಡುಗರಿದ್ದರೆ ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 4ಕೆ ಬ್ಲೂ-ರೇಯನ್ನೂ ಓಡಿಸುತ್ತದೆ, ಆಪ್‌ಗಳನ್ನೂ ನಡೆಸುತ್ತದೆ. 'ಡಿಜಿಟಲ್ ಎಡಿಷನ್' ಎಂದಿರುವ ಪ್ಲೇಸ್ಟೇಷನ್ ಜತೆ ಡಿಸ್ಕ್ ಡ್ರೈವ್ ಬರುವುದಿಲ್ಲ. ಡ್ರೈವ್ ಇರುವ ಪ್ಲೇಸ್ಟೇಷನ್ 5 ಕೂಡ ಹಾಡಿನ ಸಿ.ಡಿ. ಓದುವುದಿಲ್ಲ. ಅವ್ವನ ಭಜನೆ ಸಿ.ಡಿ.ಗಳಿಗೆ ಹಳೆಯ ಪ್ಲೇಯರ್ ಎಸೆಯಬೇಡಿ.

ಅಂಗಡಿಗೆ ಹೋಗುವಾಗ ಮನೆಯಿಂದ ಮೂರು ಡಿಸ್ಕ್ ಒಯ್ಯಿರಿ: ಒಂದು ವಿಸಿಡಿ, ಒಂದು ಕಂಪನಿ ಡಿವಿಡಿ, ಒಂದು ಮದುವೆ ಡಿವಿಡಿ. ಮೂರನ್ನೂ ಹಾಕಿಸಿ ನೋಡಿ. ಆಮೇಲೆ ಫೋನಿನ ಹಾಟ್‌ಸ್ಪಾಟ್ ಹಚ್ಚಿ ಆಪ್ ತೆರೆಸಿ. ತೆರೆಯುವಷ್ಟರಲ್ಲಿ ಅಂಗಡಿಯವರ ಚಹಾ ಮುಗಿದರೆ, ಆ ಆಪ್‌ಗೆಂದು ಹೆಚ್ಚಿನ ದುಡ್ಡು ಕೊಡಬೇಡಿ.