ಕಂಡಂತೆ ಬರೆಯುವದು

ಚಿತ್ರಕಲೆಯ ಶಾಲೆಯನ್ನು ಸೇರಲು ಅಂಕಪಟ್ಟಿಯೊಂದೇ ಸಾಲದು. ಅಭ್ಯರ್ಥಿಯು ತಾನು ಬರೆದ ಚಿತ್ರಗಳ ಸಂಪುಟವನ್ನೂ ತೋರಿಸಬೇಕೆಂದು ಅನೇಕ ಶಾಲೆಗಳು ಕೇಳುತ್ತವೆ. ಬಿ. ಎ. ಮುಗಿಸಿ ಅಂಥದೊಂದು ಶಾಲೆಗೆ ಅರ್ಜಿ ಹಾಕುವ ಸಲುವಾಗಿ ನಾನು ಈ ವರ್ಷ ಸಂಪುಟ ಸಿದ್ಧಪಡಿಸುತ್ತಿದ್ದೇನೆ. ಆ ಅಭ್ಯಾಸದಲ್ಲಿ ತಿಳಿದ ನಾಲ್ಕು ಮಾತುಗಳನ್ನು ವಾಚಕ ಮಿತ್ರರ ಮುಂದಿಡುವೆನು.

ಚಿತ್ರವೆಂದೊಡನೆ ಸಿನಿಮಾ ನಟರ ಮುಖ, ಕ್ಯಾಲೆಂಡರಿನ ದೇವತೆ ನೆನಪಾಗುವದು ಸಹಜ. ಆದರೆ ಛಾಯಾಚಿತ್ರವನ್ನು ನಕಲು ಮಾಡುವಾಗ ನೋಡುವ ಕೆಲಸವನ್ನು ಕ್ಯಾಮೆರಾ ಮೊದಲೇ ಮುಗಿಸಿರುತ್ತದೆ. ನಮಗೆ ಉಳಿಯುವದು ಕೈಗೆಲಸ ಮಾತ್ರ. ಸಂಪುಟ ನೋಡುವವರಿಗೆ ಬೇಕಾದುದು ನಮ್ಮ ಕಣ್ಣಿನ ಪರಿಚಯ. ಆದುದರಿಂದ ವಸ್ತುವನ್ನು ಎದುರಿಗಿಟ್ಟುಕೊಂಡು ಬರೆದ ಚಿತ್ರಗಳೇ ಸಂಪುಟದ ಬೆನ್ನೆಲುಬು.

ಕಣ್ಣಿಗೆ ಅಡ್ಡ ಬರುವದು ನಮ್ಮ ತಿಳಿವಳಿಕೆಯೇ. ತಂಬಿಗೆಯ ಬಾಯಿ ದುಂಡಗಿದೆಯೆಂದು ಬುದ್ಧಿ ಬಲ್ಲದು. ಆದರೆ ನೆಲದ ಮೇಲಿಟ್ಟು ಓರೆಯಾಗಿ ನೋಡಿದರೆ ಅದು ಅಂಡಾಕಾರ. ಕಣ್ಣಿನ ಮಟ್ಟಕ್ಕೆ ಎತ್ತಿದರೆ ಬರಿಯ ಗೆರೆ. ಬುದ್ಧಿ ಬಲ್ಲುದನ್ನು ಬಿಟ್ಟು ಕಣ್ಣು ಕಂಡುದನ್ನು ಬರೆಯಬೇಕು. ಇದಕ್ಕೆ ಉಪಾಯಗಳುಂಟು. ತೋಳನ್ನು ನೀಳವಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳಿಟ್ಟು ಎತ್ತರ ಅಗಲಗಳನ್ನು ಹೋಲಿಸಬೇಕು. ಎರಡು ವಸ್ತುಗಳ ನಡುವಿನ ಬಯಲಿಗೂ ಒಂದು ಆಕಾರವಿದೆ, ಅದನ್ನೂ ಗುರುತಿಸಬೇಕು. ಕಣ್ಣನ್ನು ಅರೆಮುಚ್ಚಿದರೆ ಸಣ್ಣ ವಿವರಗಳು ಅಳಿದು ನೆಳಲು ಬೆಳಕುಗಳ ದೊಡ್ಡ ಪಾಲುಗಳು ಉಳಿಯುವವು.

ಅಭ್ಯಾಸಕ್ಕೆ ನಮ್ಮ ಸೀಮೆ ಬಡತನದ್ದಲ್ಲ. ಕಟ್ಟಿಗೆಯಲ್ಲಿ ಹಣ್ಣು ಕಾಯಿಪಲ್ಲೆಗಳನ್ನು ಮಾಡಿ, ನಿಜವೆಂಬ ಭ್ರಾಂತಿ ಹುಟ್ಟುವಂತೆ ಬಣ್ಣ ಹಚ್ಚುವದಕ್ಕೆ ಗೋಕಾಕ ಹೆಸರಾಗಿದೆ. ಮಾವು ಹಳದಿಯೆಂದು ಒಂದೇ ಹಳದಿ ಬಳಿದರೆ ಹಣ್ಣಾಗದು. ತೊಟ್ಟಿನ ಬಳಿಯ ಹಸಿರು, ಮಗ್ಗುಲಿನ ಕೆಂಪು ಕಂಡವನಿಗೇ ಅದು ಸಾಧ್ಯ. ಘಟಪ್ರಭೆಯು ಸುಮಾರು 170 ಅಡಿ ಧುಮುಕುವಲ್ಲಿ ಬಂಡೆಯ ಕಪ್ಪನ್ನು ಬರೆಯಬೇಕು; ಬಿಟ್ಟ ಬಿಳಿ ಹಾಳೆಯೇ ನೀರಾಗುವದು. ಮೂಡಲಗಿಯ ಸಂತೆಯಲ್ಲಿ ಯಾರೂ ನಮಗಾಗಿ ನಿಲ್ಲರು. ಒಂದೆರಡು ನಿಮಿಷದಲ್ಲಿ ಬೆನ್ನಿನ ಬಾಗು, ತಲೆಯ ಮೇಲಿನ ಬುಟ್ಟಿಯ ಭಾರ ಹಿಡಿಯಬೇಕು. ಹುಕ್ಕೇರಿಯ ಆದಿಲಶಾಹಿ ಕಾಲದ ಗುಮ್ಮಟಗಳಾದರೋ ಅಲುಗುವದಿಲ್ಲ, ಆದರೆ ಬಿಸಿಲು ಅಲುಗುತ್ತದೆ. ಒಂದನ್ನೇ ಮುಂಜಾನೆ ಸಂಜೆ ಎರಡು ಸಲ ಜಲವರ್ಣದಲ್ಲಿ ಬರೆದರೆ ಕಲ್ಲಿಗೆ ಒಂದೇ ಬಣ್ಣವಿಲ್ಲವೆಂದು ತಿಳಿಯುವದು.

ಇವು ಹುಡುಗಾಟದ ವಿಷಯಗಳೆಂದು ತಿಳಿಯಬಾರದು. ಜರ್ಮನಿಯ ಡ್ಯೂರರ್ 1502ರಲ್ಲಿ ಬರೆದ ಮೊಲದ ಜಲವರ್ಣಚಿತ್ರ ಇಂದಿಗೂ ಜಗತ್ಪ್ರಸಿದ್ಧವಾಗಿದೆ. ದೂರವೇಕೆ? ಬೆಳಗಾವಿಯಲ್ಲಿ ಕೆ. ಬಿ. ಕುಲಕರ್ಣಿಯವರು ನಡೆಯಿಸಿದ ಚಿತ್ರಮಂದಿರದಲ್ಲಿ ಕಲಿತ ರವಿ ಪರಾಂಜಪೆಯವರು ನಾಡಿನ ಹೆಸರಾಂತ ಕಲಾವಿದರಾದರು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. “ಇಷ್ಟ ಓದಿ ತಂಬಿಗಿ ಬರ್ಯಾಕ ಕಲ್ತೀ?” ಎಂದು ಅಪ್ಪ ಕೇಳುತ್ತಾನೆ. ಅವನ ಪ್ರಶ್ನೆ ನ್ಯಾಯವಾದುದೇ. ಪದವಿ ಬಂದರೆ ಮನೆಗೆ ಸಂಬಳ ಬರುವದೆಂದು ಅವನು ಮೂರು ವರ್ಷ ಕಾದಿದ್ದಾನೆ. ಉತ್ತರ ಕೊಡಲು ನನ್ನಲ್ಲಿರುವದು ಈ ಹಾಳೆಗಳಷ್ಟೇ. ಅವುಗಳಲ್ಲಿ ಅವ್ವ ರೊಟ್ಟಿ ಬಡಿಯುವ ಕೈಗಳಿವೆ, ಅಪ್ಪನ ಸವೆದ ಚಪ್ಪಲಿಗಳಿವೆ. ಆ ಚಪ್ಪಲಿಗಳನ್ನು ಒಂದು ತಾಸು ನೋಡುತ್ತ ಕುಳಿತಾಗ, ಎಡಗಾಲಿನ ಹಿಮ್ಮಡಿಯೇ ಹೆಚ್ಚು ಸವೆದುದು ಕಂಡಿತು. ಅವನು ಆ ಕಾಲಿನ ಮೇಲೆ ಭಾರ ಹಾಕಿ ನಡೆಯುವನೆಂಬುದು ಇಪ್ಪತ್ತು ವರ್ಷ ಜೊತೆಗಿದ್ದೂ ನನಗೆ ತಿಳಿದಿರಲಿಲ್ಲ.

ಸಂಪುಟಕ್ಕೆ ನೂರು ಬರೆದು ಹದಿನೈದನ್ನು ಆರಿಸುವದು ಲೇಸು. ಪ್ರತಿ ಚಿತ್ರದ ಮೂಲೆಯಲ್ಲಿ ದಿನಾಂಕ, ಸ್ಥಳಗಳಿರಲಿ. ತಿದ್ದಿದ ಗೆರೆಗಳನ್ನೆಲ್ಲ ರಬ್ಬರಿನಿಂದ ಅಳಿಸಬೇಕಿಲ್ಲ, ಕಣ್ಣು ನಡೆದ ದಾರಿ ಅವುಗಳಲ್ಲಿದೆ. ಬೆಲೆಬಾಳುವ ಸಾಮಗ್ರಿಯಾಗಲಿ ಕಲಾವಿದರ ಮನೆತನವಾಗಲಿ ಇಲ್ಲದವರೂ ನಾಳೆಯೇ ತೊಡಗಬಹುದು. ಒಂದು ಪೆನ್ಸಿಲು, ಹತ್ತು ಹಾಳೆ, ಅಡಿಗೆಮನೆಯ ಒಂದು ಪಾತ್ರೆ ಸಾಕು.